ಬೀಗ ಹಾಕಿದ ಮನೆಯ ಫಲಾವಳಿ, ಮೂರನೇ ಮಹಡಿಗೆ

ಪ್ರಶ್ನೆ: ನನ್ನ ತವರು ಶಿರಸಿ ಸೀಮೆ. ಮದುವೆಯಾಗಿ ಬಂದದ್ದು ಘಟ್ಟದ ಕೆಳಗೆ, ಕುಮಟಾ ಕಡೆಯ ಒಂದು ಹಳ್ಳಿಗೆ. ಪತಿಗೆ ಕೈಗಾದಲ್ಲಿ ಪಾಳಿ ಕೆಲಸ. 11 ವರ್ಷಗಳಿಂದ ಕಾರವಾರದಲ್ಲಿ ಮೂರನೇ ಮಹಡಿಯ ಮನೆಯಲ್ಲಿದ್ದೇವೆ. ಮಗಳಿಗೆ 12, ಮಗನಿಗೆ 7. ಎರಡು ವರ್ಷದ ಹಿಂದೆ ಮಾವ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅತ್ತೆಯನ್ನು ಕರೆತಂದೆವು. ಮೊದಲ ವರ್ಷ ಹಬ್ಬವಿರಲಿಲ್ಲ. ಕಳೆದ ಚೌತಿಗೆ ನಾನು ಪೇಟೆಯಿಂದ ಹಣ್ಣು, ತರಕಾರಿ ತಂದು ಗಣಪತಿಯ ತಲೆಯ ಮೇಲೆ ತೂಗಬೇಕಾದ ಫಲಾವಳಿಯನ್ನು ಪರದೆ ಹಾಕುವ ಸರಳಿಗೇ ಕಟ್ಟಿದೆ. ಅತ್ತೆ ನೋಡಿ, 'ಮಾಡೂದಾದ್ರೆ ಸರಿಯಾಗಿ ಮಾಡು, ಇಲ್ದಿದ್ರೆ ಬಿಟ್ಟುಬಿಡು. ಅರ್ಧಂಬರ್ಧ ಮಾಡಿದ್ರೆ ದೋಷ' ಎಂದು ಒಳಗೆ ಹೋಗಿ ಮಲಗಿದರು. ಮಕ್ಕಳಿಗೆ ಕಾಲಗಳ ಪರಿಚಯವಾಗಲಿ ಎಂದು ಮೊಬೈಲಿನಲ್ಲಿ ನೋಡಿದ ಹಾಗೆ ಆರು ಋತುಗಳಿಗೂ ಒಂದೊಂದು ಆಚರಣೆಯ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ಮಕ್ಕಳು ಫೋಟೊ ತೆಗೆಯುವವರೆಗೆ ಕುಳಿತಿದ್ದು ಆಮೇಲೆ ಎದ್ದು ಹೋಗುತ್ತಾರೆ. 'ಇದನ್ನೆಲ್ಲ ಯಾಕೆ ಮಾಡ್ಬೇಕು' ಎಂದು ಮಗ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನಾವೇ ಶುರು ಮಾಡಿಕೊಂಡ ಪದ್ಧತಿ ನಕಲಿಯೇ? ಬಿಟ್ಟರೆ ಮಕ್ಕಳು ಊರು, ಮೂಲ ಗೊತ್ತಿಲ್ಲದವರಾಗಿ ಬೆಳೆಯುತ್ತಾರೆಯೇ? ತವರಿನದೋ ಗಂಡನ ಮನೆಯದೋ, ಯಾವುದನ್ನು ಹಿಡಿಯಲಿ? ಈ ಮಳೆಗಾಲದಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ದು ಸೊಪ್ಪು, ಕಳಲೆ, ಅಣಬೆ ಆರಿಸುವುದನ್ನು ಕಲಿಸೋಣವೆಂದಿದ್ದೇನೆ, ಸರಿಯೇ? ಫಲಾವಳಿಯ ಹಳೆಯ ಮರದ ಚೌಕಟ್ಟು ಊರಿನ ಮನೆಯ ಅಟ್ಟದ ಮೇಲೆ ಹಾಗೆಯೇ ಇದೆ.
(ಕಾರವಾರದ ಓದುಗರೊಬ್ಬರು)

ಉತ್ತರ: ನೀವು ಕೇಳಿದ ಪ್ರಶ್ನೆಗಳು ನಾಲ್ಕಾದರೂ ಅವುಗಳ ಒಳಗಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಊರಿನ ಮನೆಯ ಬಾಗಿಲು ಮುಚ್ಚಿದ ದಿನವೇ ಮಳೆ, ಚಳಿ, ಸುಗ್ಗಿಗಳು ಮನೆಯೊಳಗೆ ಬರುವ ದಾರಿಯೂ ಮುಚ್ಚಿಹೋಯಿತು, ಅದನ್ನು ತೆರೆಯುವ ಹೊಣೆ ನಿಮ್ಮೊಬ್ಬರ ಮೇಲೆಯೇ ಬಿದ್ದಿದೆ, ನೀವು ಎಷ್ಟು ಪ್ರಯತ್ನಿಸಿದರೂ ಅದು ಸರಿಯಾಗುತ್ತಿಲ್ಲ ಎನ್ನುವುದು ಆ ಆತಂಕ. ಶಿರಸಿ ಮತ್ತು ಕುಮಟಾಗಳಲ್ಲಿ 22 ವರ್ಷಗಳಿಂದ ಕುಟುಂಬ ಸಮಾಲೋಚನೆಯ ಕೆಲಸ ಮಾಡುತ್ತಿರುವ ನನ್ನೆದುರು ಇದೇ ಮಾತನ್ನು ಬೇರೆ ಬೇರೆ ರೂಪದಲ್ಲಿ ಆಡಿದವರು ಅನೇಕರು. ನಮ್ಮ ಜಿಲ್ಲೆಯಲ್ಲಿ ಸೂಪಾ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರಿದ್ದಾರೆ, ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಕೊಟ್ಟವರಿದ್ದಾರೆ, ನಿಮ್ಮಂತೆ ನೌಕರಿಯ ಕಾರಣಕ್ಕೆ ಮನೆಗೆ ಬೀಗ ಹಾಕಿದವರಂತೂ ಓಣಿಗೊಬ್ಬರಿದ್ದಾರೆ. ಹಾಗಾಗಿ ನಿಮ್ಮ ಕಷ್ಟ ನಿಮ್ಮ ಅಸಾಮರ್ಥ್ಯದಿಂದ ಬಂದದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ದೋಷದ ಮಾತನ್ನು ಮೊದಲು ತೆಗೆದುಕೊಳ್ಳೋಣ. ದೋಷವಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆ ಸಂಶಯ ಉಳಿದಿದ್ದರೆ ನಿಮ್ಮ ಮನೆಯ ಪುರೋಹಿತರನ್ನು ಅತ್ತೆಯ ಎದುರಿಗೇ ಕೇಳಿ. ಆದರೆ ಸಂಪ್ರದಾಯವೆಂದರೆ ಪೂರ್ತಿ ಮಾಡುವುದು ಇಲ್ಲವೇ ಪೂರ್ತಿ ಬಿಡುವುದು ಎಂಬ ಮಾತು ಸಂಪ್ರದಾಯದ ಒಳಗಿನಿಂದಲೇ ನೋಡಿದರೂ ನಿಲ್ಲುವುದಿಲ್ಲ. ಮಾವ ತೀರಿಕೊಂಡ ವರ್ಷ ಹಬ್ಬವಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಸೂತಕ ಬಂದರೆ ನಿಲ್ಲಿಸುವ ನಿಯಮ ಮೊದಲಿನಿಂದಲೂ ಇದೆ. ಗಣಪತಿಯನ್ನು ಒಂದೂವರೆ ದಿನ ಇಡುವ ಮನೆಯೂ ಐದು ದಿನ, ಏಳು ದಿನ, ಹನ್ನೊಂದು ದಿನ ಇಡುವ ಮನೆಯೂ ಒಂದೇ ಕೇರಿಯಲ್ಲಿರುತ್ತವೆ. ಅಣ್ಣತಮ್ಮಂದಿರು ಹಿಸೆಯಾದ ಮೇಲೂ ಮೂಲಮನೆಯಲ್ಲಿ ಮಾತ್ರ ಗಣಪತಿ ಕೂರಿಸಿ, ಉಳಿದವರು ಅಲ್ಲಿಗೇ ಹೋಗಿ ಕೈಮುಗಿದು ಉಂಡು ಬರುವ ಕುಟುಂಬಗಳು ಎಷ್ಟೋ ಇವೆ. ಅನುಕೂಲ ನೋಡಿ ಕಡಿಮೆ ಮಾಡುವುದನ್ನೂ, ಬಿಡುವುದನ್ನೂ, ಮತ್ತೆ ಶುರು ಮಾಡುವುದನ್ನೂ ನಮ್ಮ ಹಿರಿಯರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ನಕಲಿಯ ಪ್ರಶ್ನೆಯೂ ಹೀಗೆಯೇ. ನಿಮ್ಮ ಅತ್ತೆಯ ಅತ್ತೆ ಕಟ್ಟಿಸುತ್ತಿದ್ದ ಫಲಾವಳಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ತೆಂಗಿನಕಾಯಿ, ಹಸಿ ಅಡಿಕೆಯ ಗೊನೆ, ಮೊಗೆಕಾಯಿ, ಹೀರೆಕಾಯಿಗಳ ನಡುವೆ ಅನಾನಸೂ ಪೇರಲೆಯೂ ತೂಗುತ್ತಿದ್ದಿರಬೇಕು. ಇವೆರಡೂ ಅಮೆರಿಕ ಖಂಡದ ಹಣ್ಣುಗಳು. ಪೋರ್ಚುಗೀಸರ ಹಡಗುಗಳ ಮೂಲಕ ಈ ಕರಾವಳಿಗೆ ಬಂದಂಥವು. ಮೊದಲ ಬಾರಿಗೆ ಯಾರೋ ಒಬ್ಬರು ಅನಾನಸನ್ನು ಗಣಪತಿಯ ತಲೆಯ ಮೇಲೆ ಕಟ್ಟಿದಾಗ ಆ ಮನೆಯ ಹಿರಿಯರೊಬ್ಬರು ಮುಖ ಗಂಟಿಕ್ಕಿಕೊಂಡಿದ್ದಾರು ಎಂದು ನಾನು ಆಗಾಗ ಅಂದುಕೊಳ್ಳುವುದುಂಟು. ಇಂದು ಊರೂರಿನಲ್ಲಿ ಕಾಣುವ ಸಾರ್ವಜನಿಕ ಗಣೇಶೋತ್ಸವಕ್ಕೆ ತಿಲಕರು ಚಾಲನೆ ಕೊಟ್ಟದ್ದು 1893ರಲ್ಲಿ. ಅದನ್ನೀಗ ಹೊಸ ಪದ್ಧತಿ ಎಂದು ಯಾರೂ ಕರೆಯುವುದಿಲ್ಲ. ಹೊಸದಾಗಿ ಶುರುವಾಯಿತು ಎಂಬ ಒಂದೇ ಕಾರಣಕ್ಕೆ ಯಾವ ಆಚರಣೆಯೂ ನಕಲಿಯಾಗುವುದಿಲ್ಲ. ಆದರೂ ನಿಮ್ಮ ಗೋಡೆಯ ಪಟ್ಟಿ ಏಕೆ ನಿಲ್ಲಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಕಾರಣ ಬೇರೆ ಇದೆ.

ಚೌತಿಯ ಮುಂಚೆ ನಿಮ್ಮ ತವರಿನ ಕಡೆ ನಡೆಯುವ ಚಕ್ಕುಲಿ ಕಂಬಳವನ್ನು ನೀವು ಚಿಕ್ಕಂದಿನಲ್ಲಿ ನೋಡಿರುತ್ತೀರಿ. ಕೇರಿಯ ಒಂದೊಂದು ಮನೆಯಲ್ಲಿ ಒಂದೊಂದು ದಿನ ಎಲ್ಲರೂ ಸೇರುತ್ತಾರೆ. ಜಗಲಿಯ ಮೇಲೆ ಸಾಲಾಗಿ ಕುಳಿತ ಗಂಡಸರು ಹಿಟ್ಟಿನ ಉಂಡೆಯನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎಳೆಯನ್ನು ಹೊಸೆಯುತ್ತ ಹೊಸೆಯುತ್ತ ಸುತ್ತು ಬಿಡುತ್ತಾರೆ. ಎಳೆಯ ತಿರುವು ಒಂದೆಡೆ ಸಡಿಲಾದರೂ ಎಣ್ಣೆಗೆ ಬಿಟ್ಟಾಗ ಚಕ್ಕುಲಿ ಬಿಚ್ಚಿಕೊಳ್ಳುತ್ತದೆ. ಒಳಗೆ ಒಬ್ಬರು ಹಿಟ್ಟು ನಾದಿ ಕಳಿಸುತ್ತಿರಬೇಕು, ಒಬ್ಬರು ಒಲೆಯ ಮುಂದೆ ಕೂರಬೇಕು, ಸುತ್ತಿದ್ದನ್ನು ಮುರಿಯದಂತೆ ಒಳಗೆ ಒಯ್ಯಲು ಎರಡು ಸಣ್ಣ ಕೈಗಳು ಬೇಕು. ಆ ಸಣ್ಣ ಕೈಗಳ ಮಗುವಿಗೆ ಯಾರೂ ಸಂಪ್ರದಾಯದ ಮಹತ್ವವನ್ನು ವಿವರಿಸುವುದಿಲ್ಲ. ಅದು ಒಯ್ಯದಿದ್ದರೆ ಕೆಲಸ ನಿಲ್ಲುತ್ತದೆ ಎಂಬುದು ಅದಕ್ಕೇ ಕಾಣುತ್ತಿರುತ್ತದೆ.

ನಮ್ಮ ಸೀಮೆಯ ಋತುಗಳ ಆಚರಣೆಗಳಲ್ಲಿ ಹೆಚ್ಚಿನವು ಮೂಲದಲ್ಲಿ ಇಂಥ ಕೆಲಸಗಳೇ. ಮಳೆ ಹಿಡಿಯುವ ಮೊದಲು ದರಕು (ಒಣಗಿದ ಎಲೆ) ಮತ್ತು ಕಟ್ಟಿಗೆ ಒಟ್ಟಬೇಕಿತ್ತು, ಬಿಸಿಲು ಇರುವಾಗಲೇ ಹಲಸಿನ ಹಪ್ಪಳ ಒಣಗಬೇಕಿತ್ತು, ಅಪ್ಪೆಮಿಡಿ ಎಳೆಯದಿರುವಾಗಲೇ ಉಪ್ಪಿಗೆ ಬೀಳಬೇಕಿತ್ತು, ಕಬ್ಬು ಮಾಗಿದಾಗ ಆಲೆಮನೆ ಹೂಡಬೇಕಿತ್ತು. ಕಾಲ ತಪ್ಪಿದರೆ ವರ್ಷವಿಡೀ ಅದಿಲ್ಲದೆ ಇರಬೇಕಾಗುತ್ತಿತ್ತು. ಒಬ್ಬರ ಕೈಯಲ್ಲಿ ಆಗದ ಕೆಲಸವಾದ್ದರಿಂದ ಹತ್ತು ಜನ ಸೇರಿದರು, ಹತ್ತು ಜನ ಸೇರಿದ್ದರಿಂದ ಊಟ, ಹಾಡು, ಕೀಟಲೆಗಳು ಬಂದವು, ಕೊನೆಗೆ ದೇವರಿಗೊಂದು ಪಾಲು ತೆಗೆದಿಡಲಾಯಿತು. ನಾವು ಪೇಟೆಯ ಮನೆಗೆ ಬರುವಾಗ ಅಲಂಕಾರ ಮತ್ತು ಅಡುಗೆಯನ್ನಷ್ಟೇ ಕಟ್ಟಿಕೊಂಡು ಬಂದೆವು. ಕೆಲಸ ಅಲ್ಲಿಯೇ ಉಳಿಯಿತು. ನಿಮ್ಮ ಗೋಡೆಯ ಪಟ್ಟಿಯಲ್ಲಿ ಮಕ್ಕಳಿಗೆ ನೋಡುವುದು, ಕೂರುವುದು, ನಗುವುದು ಬಿಟ್ಟರೆ ಬೇರೇನೂ ಇಲ್ಲ. 'ಯಾಕೆ ಮಾಡ್ಬೇಕು' ಎಂದು ಮಗ ಕೇಳಿದ್ದರಲ್ಲಿ ಉದ್ಧಟತನವಿಲ್ಲ. ಅವನಿಲ್ಲದೆಯೂ ಅದು ನಡೆಯುತ್ತದೆ ಎಂಬುದನ್ನು ಅವನು ಸರಿಯಾಗಿಯೇ ಗಮನಿಸಿದ್ದಾನೆ.

ನನಗೆ ಪರಿಚಯದ ಯಲ್ಲಾಪುರದ ಕಡೆಯ ಒಂದು ಮನೆಯಲ್ಲಿ ಪ್ರತಿ ವರ್ಷ ಏಪ್ರಿಲ್ ಕೊನೆಗೆ ಹಲಸಿನ ಹಪ್ಪಳ ಮಾಡುತ್ತಾರೆ. ಆ ಮನೆಯ ಮಗನಿಗೆ ಐದು ವರ್ಷವಾಗಿದ್ದಾಗ ಅಜ್ಜಿ ಅವನ ಕೈಗೊಂದು ಕೋಲು ಕೊಟ್ಟು, ಅಂಗಳದ ಚಾಪೆಯ ಪಕ್ಕ ಕೊಡೆಯ ನೆರಳಿನಲ್ಲಿ ಕೂರಿಸಿ ಕಾಗೆ ಕಾಯಲು ಹೇಳಿದರು. ಅವನಿಗೀಗ 34 ವರ್ಷ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಹಪ್ಪಳಕ್ಕೆಂದು ಎರಡು ದಿನ ರಜೆ ಹಾಕಿ ಬರುತ್ತಾನೆ, ಬಂದು ಕಾಗೆಯನ್ನೇ ಕಾಯುತ್ತಾನೆ. ಹಿಟ್ಟು ಒತ್ತಲು ಕರೆದರೆ 'ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ' ಎನ್ನುತ್ತಾನಂತೆ. ಚೌತಿಗೂ ದೀಪಾವಳಿಗೂ ತಪ್ಪಿಸಿಕೊಳ್ಳುವ ಈ ಹುಡುಗ ಕಾಗೆಯ ಕಾವಲಿಗೆ ಮಾತ್ರ ತಪ್ಪಿಸುವುದಿಲ್ಲ.

ಕುಟುಂಬದ ಆಚರಣೆಗಳ ಬಗ್ಗೆ ಐವತ್ತು ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನು ಅಮೆರಿಕದ ಮನಃಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಸಂಗಡಿಗರು 2002ರಲ್ಲಿ ಒಟ್ಟಾಗಿ ಪರಿಶೀಲಿಸಿದ್ದರು. ದಿನಚರಿಗೂ ಆಚರಣೆಗೂ ಅವರು ತೋರಿಸಿದ ವ್ಯತ್ಯಾಸ ನನ್ನ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂದಿದೆ: ದಿನಚರಿಯು 'ಇದು ಆಗಬೇಕಾದ ಕೆಲಸ' ಎಂದು ಹೇಳಿದರೆ, ಆಚರಣೆಯು 'ನಾವು ಇಂಥವರು' ಎಂದು ಹೇಳುತ್ತದೆ. ಇಂಥ ಆಚರಣೆಗಳಿರುವ ಮನೆಗಳಲ್ಲಿ ಮಕ್ಕಳ ಹೊಂದಾಣಿಕೆಯೂ ದಂಪತಿಗಳ ಸಮಾಧಾನವೂ ಉತ್ತಮವಾಗಿರುವುದು ಆ ಪರಿಶೀಲನೆಯಲ್ಲಿ ಕಂಡುಬಂದಿತ್ತು. ಇದರಿಂದ ಹಬ್ಬ ಮಾಡಿದರೆ ಮಕ್ಕಳು ಸರಿಯಾಗುತ್ತಾರೆ ಎಂದು ತಿಳಿಯಬಾರದು. ನೆಮ್ಮದಿಯಿರುವ ಮನೆಯಲ್ಲಿ ಹಬ್ಬಗಳು ಸುಲಭವಾಗಿ ನಡೆಯುತ್ತವೆ ಎಂಬುದೂ ಅಷ್ಟೇ ನಿಜವಿರಬಹುದು. ಹಬ್ಬ ಕಡಿಮೆಯಾದ ಕಾರಣಕ್ಕೆ ಕೆಟ್ಟ ಮಕ್ಕಳನ್ನು ನಾನಂತೂ ನೋಡಿಲ್ಲ. ಹಬ್ಬದ ದಿನವೇ ಮನೆಯಲ್ಲಿ ಜಗಳವಾಗುತ್ತದೆಂದು ಹಬ್ಬಕ್ಕೇ ಹೆದರುವ ಮಕ್ಕಳನ್ನು ಸಾಕಷ್ಟು ನೋಡಿದ್ದೇನೆ.

ಈಗ ಅತ್ತೆಯ ವಿಷಯ. 'ಸರಿಯಾಗಿ ಮಾಡು, ಇಲ್ಲವೇ ಬಿಡು' ಎಂಬುದನ್ನು ನೀವು ಮಡಿವಂತಿಕೆ ಎಂದು ಓದಿಕೊಂಡಿದ್ದೀರಿ. ನನಗೆ ಅದರಲ್ಲಿ ದುಃಖ ಕಾಣುತ್ತದೆ. ಎರಡು ವರ್ಷದೊಳಗೆ ಪತಿ, ಮನೆ, ತನ್ನ ಮಾತು ನಡೆಯುತ್ತಿದ್ದ ಅಡುಗೆಮನೆ, ಮೂರನ್ನೂ ಕಳೆದುಕೊಂಡವರ ಎದುರಿಗೆ ಸರಳಿಗೆ ತೂಗುಹಾಕಿದ ಐದಾರು ತರಕಾರಿಗಳು ಆ ಮನೆ ಇನ್ನಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿದಂತಾಯಿತು. ನೀವು ಒಳ್ಳೆಯ ಮನಸ್ಸಿನಿಂದ ಅವರಿಗೆ ಶ್ರಮವಾಗದಿರಲಿ ಎಂದು ಎಲ್ಲವನ್ನೂ ಒಬ್ಬರೇ ಮಾಡಿದ್ದೀರಿ, ಅವರು ಮಾತ್ರ ಪ್ರೇಕ್ಷಕರಾಗಿ ಉಳಿದರು. ಮಕ್ಕಳಿಗೆ ಆದದ್ದೇ ಅವರಿಗೂ ಆಗಿದೆ. ಹಬ್ಬದ ದಿನಕ್ಕೆ ಕಾಯದೆ, ಯಾವುದಾದರೂ ಮಧ್ಯಾಹ್ನ ಅವರನ್ನು ಒಂದು ಸಣ್ಣ ವಿಷಯ ಕೇಳಿ ನೋಡಿ: ಊರಿನ ಮನೆಯಲ್ಲಿ ಫಲಾವಳಿಯ ಚೌಕಟ್ಟನ್ನು ಯಾವ ಜಂತೆಗೆ ಕಟ್ಟುತ್ತಿದ್ದರು, ಹಗ್ಗ ಹೊಸೆಯುತ್ತಿದ್ದವರು ಯಾರು, ಯಾವ ಕಾಯಿ ಯಾವ ತುದಿಗೆ. 'ನಿಮ್ಮ ಕಾಲದಲ್ಲಿ ಹಬ್ಬ ಹೇಗಿತ್ತು' ಎಂದು ಒಟ್ಟಾರೆ ಕೇಳಿದರೆ ನಿಟ್ಟುಸಿರು ಬರುತ್ತದೆ. ಹಗ್ಗದ ಬಗ್ಗೆ ಕೇಳಿದರೆ ಮಾತು ಬರುತ್ತದೆ. ಇಲ್ಲೊಂದು ಎಚ್ಚರಿಕೆಯನ್ನೂ ಸೇರಿಸಬೇಕು. ವಾರಗಟ್ಟಲೆ ಊಟ, ನಿದ್ರೆ ಕೆಟ್ಟಿದ್ದರೆ, ಹಿಂದೆ ಇಷ್ಟಪಡುತ್ತಿದ್ದ ಯಾವುದೂ ಬೇಡವೆನ್ನುತ್ತಿದ್ದರೆ, 'ನಾನು ಇದ್ದೇನು ಪ್ರಯೋಜನ' ಎಂಬ ಮಾತು ಪದೇ ಪದೇ ಬರುತ್ತಿದ್ದರೆ, ಹಬ್ಬದಿಂದ ಅದನ್ನು ಸರಿಮಾಡಲು ಹೋಗಬೇಡಿ, ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಪಂಚಾಂಗದ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮ ಮನೆಯ ಪಾಳಿ ಕೆಲಸಕ್ಕೂ ಅದಕ್ಕೂ ಸಂಬಂಧವಿದೆ. ಚೌತಿ, ದೀಪಾವಳಿಗಳು ಚಂದ್ರನ ತಿಥಿಯ ಹಬ್ಬಗಳು. ಚಾಂದ್ರ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ಅವು ವರ್ಷಕ್ಕೆ 11 ದಿನದಂತೆ ಹಿಂದೆ ಸರಿದು, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತವೆ. 2023ರಲ್ಲಿ ನವೆಂಬರ್ 12ಕ್ಕೆ ಬಂದಿದ್ದ ದೀಪಾವಳಿ 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೇ ಬಂತು. ತಿಥಿಯ ದಿನ ಪತಿಗೆ ರಾತ್ರಿಪಾಳಿ ಬಿದ್ದರೆ ಏನೂ ಮಾಡುವಂತಿಲ್ಲ. ಆದರೆ ನಮ್ಮ ರೈತರು ಮಳೆಗಾಲವನ್ನು ಅಳೆದದ್ದು ಸೂರ್ಯನ ಲೆಕ್ಕದಲ್ಲಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ 13-14 ದಿನಗಳಿಗೆ ಒಂದೊಂದು ಮಳೆಯ ಹೆಸರು: ಜೂನ್ 7-8ರ ಸುಮಾರಿಗೆ ಮೃಗಶಿರ, 21-22ಕ್ಕೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಸೆಪ್ಟೆಂಬರ್ ಕೊನೆಗೆ ಹಸ್ತ. ಈ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಮತ್ತು ಪ್ರತಿಯೊಂದಕ್ಕೂ ಎರಡು ವಾರಗಳ ಅವಕಾಶವಿರುತ್ತದೆ. ಪಾಳಿ ಕೆಲಸದ ಮನೆಗೆ ಇದಕ್ಕಿಂತ ಅನುಕೂಲವಾದ ಪಂಚಾಂಗ ಬೇರೆ ಇಲ್ಲ. 'ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು' ಎಂಬ ಗಾದೆಯನ್ನು ಏಳು ವರ್ಷದ ಹುಡುಗ ಒಮ್ಮೆ ಕೇಳಿದರೆ ಸಾಕು, ಆಗಸ್ಟ್ ತಿಂಗಳಿಡೀ ಬಿಡುವುದಿಲ್ಲ. ಅವನಿಗೊಂದು ಉದ್ದನೆಯ, ನೇರ ಬದಿಯ ಡಬ್ಬಿ ಮತ್ತು ಅಳತೆಪಟ್ಟಿ ಕೊಟ್ಟು, ತಾರಸಿಯಲ್ಲಿಟ್ಟು ದಿನವೂ ಬೆಳಿಗ್ಗೆ ಮಳೆ ಅಳೆದು ಬರೆಯುವ ಕೆಲಸ ಒಪ್ಪಿಸಿ. ಡಬ್ಬಿ ಸಣ್ಣದಾಗಬಾರದು, ಕಾರವಾರದಲ್ಲಿ ಒಂದೇ ರಾತ್ರಿ 100 ಮಿಲಿಮೀಟರ್ ದಾಟುವುದು ಅಪರೂಪವೇನಲ್ಲ.

ತವರಿನದೋ ಗಂಡನ ಮನೆಯದೋ ಎಂಬುದಕ್ಕೆ ನನ್ನ ಉತ್ತರ ಸ್ವಲ್ಪ ಖಡಾಖಂಡಿತವಾಗಿದೆ. ಎರಡನ್ನೂ ಪೂರ್ತಿ ಮಾಡಹೊರಟರೆ ಮಾಡುವವರು ನೀವೊಬ್ಬರೇ ಆಗುತ್ತೀರಿ, ಮೂರನೆಯ ವರ್ಷಕ್ಕೆ ನಿಮಗೇ ಬೇಸರ ಬರುತ್ತದೆ. ಕೆಲವನ್ನು ಅವು ಇರುವಲ್ಲಿಗೇ ಹೋಗಿ ಮಾಡಬೇಕು. ಭೂಮಿ ಹುಣ್ಣಿಮೆಯನ್ನೇ ನೋಡಿ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತದ ಪೈರು ಹೊಡೆಯಾಗಿರುತ್ತದೆ, ಭೂಮಿತಾಯಿ ಬಸುರಿ ಎಂದು ಭಾವಿಸಿ ಬಯಕೆಯ ಊಟ ಬಡಿಸುತ್ತಾರೆ. ದೀವರ ಸಮುದಾಯದ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆದು, ಬೆಳಗಿನ ಜಾವ ಅದರಲ್ಲಿ ಅಡುಗೆಯನ್ನು ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾರೆ. ಇದನ್ನು ಬಾಲ್ಕನಿಯ ಹೂಕುಂಡದ ಮುಂದೆ ಮಾಡಿದರೆ ನಾಟಕವಾಗುತ್ತದೆ. ಈ ಹುಣ್ಣಿಮೆ ಸಾಮಾನ್ಯವಾಗಿ ದಸರಾ ರಜೆಯ ಆಸುಪಾಸಿನಲ್ಲೇ ಬರುವುದರಿಂದ, ತವರಿನ ಸುತ್ತಿನಲ್ಲಿ ಮಾಡುವವರಿದ್ದರೆ ಅಲ್ಲಿಗೇ ಕರೆದೊಯ್ಯಿರಿ. ಆಲೆಮನೆಯೂ ಹಾಗೆಯೇ, ಬಿಸಿ ಬೆಲ್ಲದ ವಾಸನೆಯನ್ನು ಫ್ಲ್ಯಾಟಿಗೆ ತರಲು ಬರುವುದಿಲ್ಲ. ಒಮ್ಮೆ ನಾನು ಅಂಗಡಿಯ ಕಬ್ಬಿನಹಾಲು ತಂದು, ಗಡಿಗೆ ಬೋರಲು ಹಾಕಿ ಗ್ಯಾಸಿನ ಒಲೆಯ ಮೇಲೆ ತೊಡದೇವು ಎಂಬ ಹಾಳೆಯಂಥ ತೆಳು ಸಿಹಿಯನ್ನು ತೆಗೆಯಲು ಹೋಗಿ, ಗಡಿಗೆಯನ್ನೇ ಸೀಳಿಸಿಕೊಂಡಿದ್ದೇನೆ.

ಇನ್ನು ಕೆಲವು ಘಟ್ಟದ ಮೇಲಿನವೂ ಅಲ್ಲ, ಕೆಳಗಿನವೂ ಅಲ್ಲ. ನಿಮ್ಮ ಮಕ್ಕಳು ಬೆಳೆಯುತ್ತಿರುವ ಊರಿನವು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ ಮೊದಲ ವಾರ ಬೈತಖೋಲ ಬಂದರಿನಲ್ಲಿ ಬಲೆ, ಮಂಜುಗಡ್ಡೆ, ಡೀಸೆಲ್ ತುಂಬಿಕೊಂಡು ದೋಣಿಗಳು ಹೊರಡುವುದನ್ನು, ಶ್ರಾವಣದ ಹುಣ್ಣಿಮೆಗೆ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವುದನ್ನು ಮಕ್ಕಳು ನೋಡಲಿ. ಯಾವ ದೋಣಿಗೆ ಯಾವ ಹೆಸರಿದೆ ಎಂದು ಬರೆದುಕೊಳ್ಳುವ ಕೆಲಸ ಮಗಳಿಗಿರಲಿ. ದಡದಿಂದಲೇ ನೋಡಬೇಕು, ಆ ದಿನಗಳ ಕಡಲು ಕಾಲು ತೊಳೆಯುವುದಕ್ಕೂ ತಕ್ಕದ್ದಲ್ಲ. ಇಂಥ ಹೊಸ ಪದ್ಧತಿಗಿರುವ ಅಪಾಯವೆಂದರೆ ಫೋಟೊ. ಮೊದಲ ವರ್ಷ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿ ಎಂದು ಸಲಹೆ ಕೊಡುತ್ತೇನೆ; ಇದು ನನ್ನ ಹಟ ಎಂದು ತಿಳಿದರೂ ಅಡ್ಡಿಯಿಲ್ಲ.

ಕಾಡಿನ ವಿಷಯದಲ್ಲಿ ಮಾತ್ರ ನಿಮ್ಮ ಯೋಜನೆಯನ್ನು ಬದಲಿಸಲೇಬೇಕು. ಅಣಬೆ ಬೇಡ, ತಿನ್ನುವ ಅಣಬೆಯನ್ನೂ ವಿಷದ ಅಣಬೆಯನ್ನೂ ಬೇರ್ಪಡಿಸಲು ನಂಬಬಹುದಾದ ಮನೆಗುರುತು ಯಾವುದೂ ಇಲ್ಲ. ಬೆಳ್ಳಿ ಕಪ್ಪಾಗುತ್ತದೆ, ಹುಳ ತಿಂದಿದ್ದರೆ ಅಪಾಯವಿಲ್ಲ ಎಂಬುವೆಲ್ಲ ಸುಳ್ಳು. ಕಾಯ್ದಿಟ್ಟ ಅರಣ್ಯಕ್ಕೆ ನುಗ್ಗಿ ಕಳಲೆ ಕೀಳುವುದೂ ಬೇಡ, ಸಂತೆಯಲ್ಲಿ ಕೊಳ್ಳಿ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬಸಿದು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸುವ ಅಜ್ಜಿಯಂದಿರ ಕ್ರಮಕ್ಕೆ ಕಾರಣವೇ ಅದು. ಆ ನೀರು ಬದಲಿಸುವುದು ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಕೆಲಸ. ಪತ್ರೊಡೆಯ ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದಲೇ ಗಂಟಲು ತುರಿಸುತ್ತದೆ; ಹುಳಿ ಮುಂದಾಗಿ, ಹಬೆಯಲ್ಲಿ ಪೂರ್ತಿ ಬೆಂದರೆ ತೊಂದರೆಯಿಲ್ಲ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಚೌತಿಯ ಹೊತ್ತಿಗೆ ಬೇಲಿಯಲ್ಲಿ ಅರಳುವ, ಬೆಂಕಿಯ ನಾಲಗೆಯಂಥ ಕೆಂಪು-ಹಳದಿ ಎಸಳಿನ ಗೌರಿ ಹೂವನ್ನು, ಅಂದರೆ ಅಗ್ನಿಶಿಖೆಯನ್ನು, ಫಲಾವಳಿಗೆ ಕಟ್ಟುವ ರೂಢಿಯಿದೆ. ಆ ಬಳ್ಳಿಯ ಪ್ರತಿಯೊಂದು ಭಾಗವೂ, ವಿಶೇಷವಾಗಿ ಗಡ್ಡೆ, ಕಾಲ್ಚಿಸಿನ್ ಎಂಬ ವಿಷವುಳ್ಳದ್ದು. ದೊಡ್ಡವರೇ ಕೊಯ್ದು ಎತ್ತರಕ್ಕೆ ಕಟ್ಟಬೇಕು, ಮುಟ್ಟಿದವರು ಕೈ ತೊಳೆಯಬೇಕು, ಬಿಚ್ಚುವಾಗ ಅಡುಗೆಗೆ ಹೋಗುವ ತರಕಾರಿಯ ಜೊತೆ ಅದನ್ನು ಬೆರೆಸಬಾರದು.

ಹಾಗಿದ್ದರೆ ಈ ಚೌತಿಗೆ ಏನು ಮಾಡುವುದು? ಊರಿನ ಮನೆಯನ್ನೇ ತೆರೆದು ಅಲ್ಲಿ ಮಾಡುವುದು ಒಂದು ದಾರಿ. ಅತ್ತೆಗೆ ಅದಕ್ಕಿಂತ ಸಂತೋಷವಿಲ್ಲ. ಆದರೆ ಮಳೆಗಾಲವಿಡೀ ಮುಚ್ಚಿದ್ದ ಮನೆಯಲ್ಲಿ ಸೋರಿಕೆ, ಹಾವು, ಹಳೆಯ ವಯರಿಂಗ್ ಎಲ್ಲ ಇರುತ್ತವೆ. ಹದಿನೈದು ದಿನ ಮೊದಲೇ ಹೋಗಿ ಸರಿಪಡಿಸುವವರು ಯಾರೆಂದು ನಿರ್ಧಾರವಾಗದಿದ್ದರೆ ಆ ಕೆಲಸ ನಿಮ್ಮ ಹೆಗಲಿಗೇ ಬೀಳುತ್ತದೆ. ದಾರಿಯ ಮಾತೂ ಇದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೀವು ಕಾರವಾರದಿಂದ ಕುಮಟಾಕ್ಕೆ ಹೋಗುವ ಹೆದ್ದಾರಿಯ ಮೇಲೆಯೇ. ಭಾರಿ ಮಳೆಯ ಎಚ್ಚರಿಕೆಯಿರುವ ದಿನ ಹಬ್ಬವಾದರೂ ಹೊರಡದಿರುವ ಒಪ್ಪಂದ ಮನೆಯಲ್ಲಿ ಮೊದಲೇ ಆಗಿರಲಿ. ಮೈದುನರು, ಭಾವಂದಿರು ಇದ್ದರೆ ಅವರೊಂದಿಗೆ ಖರ್ಚಿನ ಮತ್ತು ಮನೆಯ ಹಕ್ಕಿನ ಮಾತನ್ನು ಹಬ್ಬದ ಊಟದ ಎಲೆಯ ಮುಂದೆ ಎತ್ತಬೇಡಿ. ಎರಡನೆಯ ದಾರಿ, ಗಣಪತಿಯನ್ನು ಕಾರವಾರದಲ್ಲೇ ಒಂದೂವರೆ ದಿನ ಕೂರಿಸಿ, ಚೌಕಟ್ಟನ್ನು ಮಾತ್ರ ಊರಿನಿಂದ ತರುವುದು. ಈ ವರ್ಷಕ್ಕೆ ನನ್ನ ಒಲವು ಇದರ ಕಡೆಗೆ. ಅತ್ತೆ ಇದಕ್ಕೂ ಒಪ್ಪದಿರಬಹುದು, ನೋಡಿ ಅತ್ತುಬಿಡಲೂಬಹುದು. ಅತ್ತರೆ ಅದು ನಿಮ್ಮ ತಪ್ಪಲ್ಲ. ಈ ವರ್ಷವೂ ಬೇಡ ಎಂದು ಬಿಡುವುದು ಮೂರನೆಯ ದಾರಿ. ಅದರಲ್ಲೂ ತಪ್ಪಿಲ್ಲ, ಆದರೆ ಮುಂದಿನ ವರ್ಷ ಶುರು ಮಾಡುವುದು ಈ ವರ್ಷಕ್ಕಿಂತ ಕಷ್ಟವಾಗಿರುತ್ತದೆ.

ಎರಡನೆಯದನ್ನು ಆರಿಸಿದರೆ ಕೆಲವು ವ್ಯಾವಹಾರಿಕ ವಿಷಯಗಳಿವೆ. ತೆಂಗಿನಕಾಯಿ, ಅಡಿಕೆಗೊನೆ, ಮೊಗೆಕಾಯಿ ಎಲ್ಲ ಸೇರಿದರೆ ಫಲಾವಳಿಯ ತೂಕ ಕಡಿಮೆಯಾಗಿರುವುದಿಲ್ಲ. ಅಲಂಕಾರದ ಫಾಲ್ಸ್ ಸೀಲಿಂಗಿಗಾಗಲಿ ಪರದೆಯ ಸರಳಿಗಾಗಲಿ ಅದನ್ನು ಹೊರುವ ಶಕ್ತಿಯಿಲ್ಲ. ಕಾಂಕ್ರೀಟಿನ ಸ್ಲ್ಯಾಬಿಗೇ ಕೊಕ್ಕೆ ಹಾಕಿಸಿ, ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಯಾವ ಕಾಯಿ ಎಲ್ಲಿ ಎಂದು ಹೇಳುವವರು ಅತ್ತೆ, ಬರೆದುಕೊಂಡು ಕೊಳ್ಳಲು ಹೋಗುವವಳು ಮಗಳು, ಕಟ್ಟುವವರು ಪತಿ, ಗಂಟು ಬಿಗಿಯುವಾಗ ಹಗ್ಗದ ತುದಿ ಹಿಡಿಯುವವನು ಮಗ. ನಿಮಗೆ ಕೆಲಸವಿಲ್ಲದಂತೆ ನೋಡಿಕೊಳ್ಳಿ. ಅವರು ಕಟ್ಟಿದ್ದು ಓರೆಯಾದರೆ ಓರೆಯಾಗಿಯೇ ಇರಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಸರಿಮಾಡಬೇಡಿ.

ಚೌಕಟ್ಟು ತರಲು ಹೋಗುವ ದಿನ ಅತ್ತೆಯನ್ನೂ ಮಕ್ಕಳನ್ನೂ ಕರೆದೊಯ್ಯಿರಿ. ಅಟ್ಟದಿಂದ ಇಳಿಸಿ ಗೆದ್ದಲು ಹಿಡಿದಿದೆಯೇ ಎಂದು ಕೀಲುಗಳಲ್ಲಿ ತಟ್ಟಿ ನೋಡಿ, ಹಳೆಯ ಹಗ್ಗವನ್ನು ನಂಬದೆ ಹೊಸದು ಕೊಳ್ಳಿ. ಹೊರಡುವ ಮೊದಲೇ ನಿಮ್ಮ ಕಟ್ಟಡದ ಲಿಫ್ಟಿನ ಉದ್ದ, ಅಗಲ ಅಳೆದಿಟ್ಟುಕೊಂಡಿರಿ. ಹಳೆಯ ಮನೆಗಳ ಚೌಕಟ್ಟುಗಳು ದೊಡ್ಡವು. ಲಿಫ್ಟಿನಲ್ಲಿ ಹಿಡಿಸದಿದ್ದರೆ ಮೂರು ಮಹಡಿ ಮೆಟ್ಟಿಲ ಮೇಲೆಯೇ ಎತ್ತಿ ತರಬೇಕಾಗುತ್ತದೆ, ತಿರುವಿನಲ್ಲಿ ಗೋಡೆಗೆ ತಾಗದಂತೆ 'ಸ್ವಲ್ಪ ಎಡಕ್ಕೆ' ಎಂದು ಕೂಗಲು ಮುಂದೊಬ್ಬ ಹುಡುಗ ಬೇಕಾಗುತ್ತಾನೆ.